ಹಿತ್ತಲ ಬಾಗಿಲಿನ ನಂಬರು

ನಮ್ಮೂರಿಗೆ ಗಂಡು ನೋಡಲು ಬಂದವರು ಹುಡುಗನ ಕೆಲಸ ಯಾವುದೆಂದು ಕೇಳುವುದಕ್ಕೂ ಮೊದಲು ‘ಮನೆಯ ಪಾಳಿ ಮುಗಿದಿದೆಯೋ, ಇನ್ನೂ ಇದೆಯೋ’ ಎಂದು ಕೇಳುತ್ತಾರೆ. ಮುಗಿದಿದೆ ಎಂದರೆ ಇನ್ನೊಂದು ಲೋಟ ಕಾಫಿ ಕುಡಿಯುತ್ತಾರೆ. ಹತ್ತಿರ ಬಂದಿದೆ ಎಂದರೆ ಜಾತಕ ಕೂಡಲಿಲ್ಲವೆಂದು ಎದ್ದು ಹೋಗುತ್ತಾರೆ. ಅವರದ್ದೇನೂ ತಪ್ಪಿಲ್ಲ. ಮದುವೆಯಾದ ತಿಂಗಳಿಗೇ ಅಳಿಯ ಪಕ್ಕದ ಕೇರಿಯ ಮೇಕೆ ಕದ್ದ ತಪ್ಪಿಗೆ ಒಳಗೆ ಕೂತರೆ ಯಾವ ಮಾವನಿಗೆ ತಾನೇ ಚೆನ್ನಾಗಿರುತ್ತದೆ? ಅಳಿಯ ಆ ಮೇಕೆಯನ್ನು ಕಣ್ಣಲ್ಲೂ ಕಂಡಿರುವುದಿಲ್ಲ, ಅದು ಬೇರೆ ಮಾತು.

ಪಾಳಿ ಅಂದರೆ ಇಷ್ಟೇ. ಊರಿನಲ್ಲಿ ಏನೇ ತಪ್ಪು ನಡೆದರೂ ಆ ವಾರದ ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ಅದಕ್ಕೊಬ್ಬ ಆರೋಪಿ ಕೋರ್ಟಿನಲ್ಲಿ ನಿಂತಿರಬೇಕು. ಮಾಡಿದವರು ಯಾರೆಂದು ಹುಡುಕುತ್ತ ಕೂತರೆ ಶನಿವಾರ ಕಾಯುತ್ತದೆಯೇ? ಆದ್ದರಿಂದ ಮನೆ ನಂಬರಿನ ಪ್ರಕಾರ, ಕೇಸಿಗೊಂದು ಮನೆಯಂತೆ, ಪ್ರಾಯಕ್ಕೆ ಬಂದ ಒಬ್ಬರನ್ನು ಕೊಡಬೇಕು. ಗಂಡಾದರೂ ಸರಿ, ಹೆಣ್ಣಾದರೂ ಸರಿ. ಹದಿನೈದು ದಿನವೋ ಮೂರು ತಿಂಗಳೋ ಒಳಗಿದ್ದು ಬಂದರೆ, ಊರೆಲ್ಲ ಸುತ್ತಿಕೊಂಡು ಪಾಳಿ ಮತ್ತೆ ಅದೇ ಬಾಗಿಲಿಗೆ ಬರಲು ಎಂಟು ವರ್ಷ ಬೇಕು. ನಾನು ಹುಟ್ಟುವಾಗಲೇ ಹೀಗಿತ್ತು. ಹೊರಡುವವರಿಗೆ ಹೆಂಗಸರು ಚಟ್ನಿಪುಡಿ, ಕೋಡುಬಳೆ ಕಟ್ಟಿಕೊಡುತ್ತಾರೆ. ನಿಜವಾದ ಕಳ್ಳರೂ ಪಾಳಿಗೆ ಹೋಗುತ್ತಾರೆ, ಬೇರೆಯವರ ಕಳ್ಳತನಕ್ಕೆ. ಬೀರು ಒಡೆಯುವುದರಲ್ಲಿ ಹೆಸರು ಮಾಡಿದ ದುರ್ಗಯ್ಯನಿಗೆ ಕೋಳಿ ಕೇಸು ಬಂದು, ಅವಮಾನಕ್ಕೆ ಮೂರು ದಿನ ಊಟ ಬಿಟ್ಟಿದ್ದ.

ಕದ್ದ ಮಾಲು ಸಿಗಬೇಕಲ್ಲ, ಅದನ್ನೂ ಪಾಳಿಯ ಮನೆಯವರೇ ಕೊಡಬೇಕು. ಬಿಂದಿಗೆ ಕಳುವಾಗಿದ್ದರೆ ತಮ್ಮ ಮನೆಯ ಬಿಂದಿಗೆ ಒಯ್ದು ಸ್ಟೇಷನ್ನಿನಲ್ಲಿ ಇಡಬೇಕು. ಇದಕ್ಕೆಂದೇ ಪ್ರತಿ ಮನೆಯಲ್ಲೂ ಅಟ್ಟದ ಮೇಲೆ ಒಂದು ತೂತುಬಿದ್ದ ಹಿತ್ತಾಳೆ ಬಿಂದಿಗೆ ಇರುತ್ತದೆ. ಒಳ್ಳೆಯ ಮಾಲು ಕೊಟ್ಟವರು ಕೆಟ್ಟರು, ಅದು ತಿರುಗಿ ಬರುವುದಿಲ್ಲ. ಉಂಡೂ ಹೋದ ಕೊಂಡೂ ಹೋದ ಅನ್ನುವ ಗಾದೆಯನ್ನು ನಮ್ಮ ಸ್ಟೇಷನ್ನಿನ ಬಾಗಿಲ ಮೇಲೆ ಬರೆಸಬೇಕು. ನನಗೇ ಹೇಳಿದ್ದರೆ ಬಿಟ್ಟಿಯಾಗಿ ಬರೆದುಕೊಡುತ್ತಿದ್ದೆ.

ಬರೆಯುವುದೇ ನನ್ನ ಕಸುಬು. ಇಪ್ಪತ್ತಾರು ವರ್ಷದಿಂದ ಪುರಸಭೆಯಲ್ಲಿ ಮನೆ ನಂಬರು ಬರೆಯುವ ಪೇಂಟರ್ ನಾನು. ತಿಪ್ಪೇಸ್ವಾಮಿ ಎಂದರೆ ಯಾರಿಗೂ ಗೊತ್ತಾಗುವುದಿಲ್ಲ, ನಂಬರ್ ತಿಪ್ಪಣ್ಣ ಅಂದರೆ ಗೊತ್ತಾಗುತ್ತದೆ. ಬಾಗಿಲಿನ ಮೇಲ್ಭಾಗದಲ್ಲಿ ಕರಿ ಚೌಕ, ಅದರೊಳಗೆ ಬಿಳಿ ಎನಾಮಲ್ಲಿನಲ್ಲಿ ಕನ್ನಡ ಅಂಕಿ. ಬೀದಿಗೆ ತೆರೆಯುವ ಪ್ರತಿ ಬಾಗಿಲಿಗೂ ನಂಬರು ಹಾಕಬೇಕೆಂಬುದು ಪುರಸಭೆಯ ಕಾನೂನು. ಅಣ್ಣತಮ್ಮಂದಿರು ಪಾಲಾಗಿ ಗೋಡೆ ಒಡೆದು ಹೊಸ ಬಾಗಿಲು ಇಟ್ಟರೆ ಹಿಂದಿನ ನಂಬರಿಗೇ ‘ಬಾರ್ ಒಂದು’ ಸೇರಿಸುತ್ತೇನೆ. ಸೇರಿಸಿದ ದಿನದಿಂದ ಆ ಬಾಗಿಲಿಗೂ ಬೇರೆ ಪಾಳಿ. ಹಾಗಾಗಿ ನಮ್ಮೂರಿನಲ್ಲಿ ಹದಿನೈದು ವರ್ಷದಿಂದ ಮಾತು ಬಿಟ್ಟ ಅಣ್ಣತಮ್ಮಂದಿರೂ ಒಂದೇ ಬಾಗಿಲಲ್ಲಿ ಓಡಾಡುತ್ತಾರೆ.

ಪೊಲೀಸ್ ಪೇದೆಗಳಿಗೂ ಪಾಳಿ ಉಂಟು, ಅವರೂ ಊರೊಳಗಿನ ಮನೆಗಳಲ್ಲೇ ಇರುವವರು. ದಫೇದಾರ್ ಮುನಿವೆಂಕಟಪ್ಪ ಎರಡು ವರ್ಷದ ಹಿಂದೆ ತನ್ನ ಮನೆಯ ಬಾಗಿಲನ್ನು ತಾನೇ ಲಾಠಿಯಿಂದ ಎರಡು ಸಲ ಬಡಿದು, ಹೆಂಡತಿಯನ್ನು ಹದಿನೈದು ದಿನಕ್ಕೆ ಕರೆದೊಯ್ದಿದ್ದ. ಆಗ ಅವನಿಗೆ ಮಂಡಿನೋವು, ಅವಳು ತಾನೇ ಹೋಗುತ್ತೇನೆಂದು ಹಟ ಹಿಡಿದಿದ್ದಳು. ನಂಬರಿಲ್ಲದ್ದು ಮೂರೇ ಕಡೆ: ದೇವಸ್ಥಾನ, ಮ್ಯಾಜಿಸ್ಟ್ರೇಟರ ಮನೆ, ಸರ್ಕಲ್ ಇನ್ಸ್‌ಪೆಕ್ಟರ್ ಬಂಗಲೆ.

ಇನ್ಸ್‌ಪೆಕ್ಟರ್ ಜಯಸಿಂಹ ನಮ್ಮೂರಿಗೆ ಬಂದು ಏಳು ವರ್ಷ. ಬಂದಾಗ ಸೊಂಟ ಮೂವತ್ತೆರಡು, ಈಗ ನಲವತ್ತನಾಲ್ಕು. ಪ್ರತಿ ದಸರೆಗೂ ಪ್ಯಾಂಟು ಬಿಚ್ಚಿ ಅಗಲ ಮಾಡುತ್ತಿದ್ದವಳು ನನ್ನ ಅಕ್ಕನ ಮಗಳು ನಾಗವೇಣಿ, ಹಾಗಾಗಿ ಅಳತೆ ನನಗೆ ಗೊತ್ತು. ಶೇಕಡಾ ನೂರು ಪತ್ತೆ ಎಂದು ಅವರಿಗೆ ಪದಕ ಬಂದಿದೆ. ಅದನ್ನು ಮೇಜಿನ ಗಾಜಿನಡಿ ಇಟ್ಟುಕೊಂಡು ಅದರ ಮೇಲೆಯೇ ಮೂಸಂಬಿ ಸುಲಿಯುತ್ತಾರೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರು ಬೇರೆ ಊರುಗಳಲ್ಲಿರಬಹುದು. ನಮ್ಮೂರಿನಲ್ಲಿ ಪೊಲೀಸರೇ ಒಬ್ಬೊಬ್ಬರ ಹೆಗಲ ಮೇಲೂ ಕುಂಬಳಕಾಯಿ ಇಟ್ಟು, ಬೂದಿ ಸವರಿ, ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಸ್ಟೇಷನ್ನಿನಲ್ಲಿ ಒಂದು ನಾಯಿಯೂ ಇದೆ. ಅದು ಈವರೆಗೆ ಮೂಸಿ ಹಿಡಿದಿರುವುದು ರೈಟರನ ಬುತ್ತಿಯನ್ನು ಮಾತ್ರ.

ಬಂಗಲೆಯ ಮುಂಬಾಗಿಲು ಸ್ಟೇಷನ್ ರಸ್ತೆಗೆ. ಎರಡು ವರ್ಷದ ಕೆಳಗೆ ಅವರು ಹಿಂದಿನ ಗೋಡೆ ಒಡೆಸಿ ನಮ್ಮ ಅಕ್ಕನ ಓಣಿಗೆ ಒಂದು ಹಸಿರು ಬಾಗಿಲು ಇಡಿಸಿದರು. ಮಾಲಾಗಿ ಬಂದ ಬಿಂದಿಗೆ, ಕೋಳಿ, ಸೈಕಲ್ಲು ಇವೆಲ್ಲ ಮುಂಬಾಗಿಲಲ್ಲಿ ಹೋದರೆ ಕಣ್ಣಿಗೆ ಬೀಳುತ್ತಿತ್ತಲ್ಲ, ಅದಕ್ಕೆ. ಇಡೀ ಊರಿನಲ್ಲಿ ಹೊಸ ಬಾಗಿಲು ಇಡಲು ಹೆದರದವರು ಅವರೊಬ್ಬರೇ. ಆ ಬಾಗಿಲು ಮುನ್ನೂರ ಏಳಕ್ಕೂ ಮುನ್ನೂರ ಎಂಟಕ್ಕೂ ನಡುವೆ ಬರುತ್ತದೆ. ಕಾನೂನಿನ ಪ್ರಕಾರ ನಾನು ಅವತ್ತೇ ನಂಬರು ಹಾಕಬೇಕಿತ್ತು. ಹಾಕಲಿಲ್ಲ. ಯಾಕೆ ಅಂತ ಕೇಳಬೇಡಿ, ನನಗೂ ಮಂಡಿ ಇದೆ, ಅದರ ಮೇಲೆ ಲಾಠಿ ಬಿದ್ದರೆ ನೋಯುತ್ತದೆ.

ಈಗ ಈರಣ್ಣನ ಕತೆ ಹೇಳಬೇಕು, ಹೇಳಲು ನಾಚಿಕೆಯಾಗುತ್ತದೆ. ಈರಣ್ಣ ಮಾರ್ಕೆಟ್ ಹಿಂದಿನ ಓಣಿಯಲ್ಲಿ ಇಸ್ತ್ರಿ ಗಾಡಿ ಇಟ್ಟಿದ್ದ. ಸಣ್ಣ ಮೈ, ದೊಡ್ಡ ನಗು, ಇದ್ದಿಲ ಮಸಿ ಹತ್ತಿದ ಮೂಗು. ಅವನ ಮನೆ ಇನ್ನೂರ ತೊಂಬತ್ತೊಂಬತ್ತು. ಕಳೆದ ಸಲ ಅಳಿಸಿಹೋದ ನಂಬರುಗಳನ್ನು ತಿದ್ದಿ ಬರೆಯುವಾಗ ನನ್ನ ಕೈ ಎಲ್ಲಿ ಹೋಗಿತ್ತೋ, ನಡುವಿನ ಒಂಬತ್ತರ ಬಾಲ ತಪ್ಪಿ ಆರಾಯಿತು. ಇನ್ನೂರ ಅರವತ್ತೊಂಬತ್ತು. ನಿಜವಾದ ಇನ್ನೂರ ಅರವತ್ತೊಂಬತ್ತು ಬಿದ್ದುಹೋಗಿ ಬಯಲಾಗಿದ್ದರಿಂದ, ದಾಟಿ ಮುಂದೆ ಹೋಗಬೇಕಿದ್ದ ಪಾಳಿ ಈರಣ್ಣನ ಬಾಗಿಲಿಗೆ ಬಂತು. ಇಸ್ತ್ರಿ ಪೆಟ್ಟಿಗೆ ಕಳುವಾದ ಕೇಸು. ಮೂರು ತಿಂಗಳು. ನಾನೇ ಓಡಿಹೋಗಿ ಇನ್ಸ್‌ಪೆಕ್ಟರ ಮುಂದೆ ನಿಂತು ತಪ್ಪು ನನ್ನದು, ಈಗಲೇ ತಿದ್ದುತ್ತೇನೆ ಎಂದೆ. ಅವರು ಮೂಸಂಬಿಯ ಬೀಜ ಉಗುಳಿ, “ಬಾಗಿಲ ಮೇಲೆ ಏನು ಬರೆದಿದೆಯೋ ಅದೇ ಶಾಸನ. ದಿನಕ್ಕೊಬ್ಬ ಬಂದು ನಂಬರ್ ತಪ್ಪು ಅಂದ್ರೆ ನಾನು ಶನಿವಾರ ಯಾರನ್ನ ನಿಲ್ಸಲಿ?” ಅಂದರು. ಅಲ್ಲಿಗೆ ಮುಗಿಯಿತು. ಈರಣ್ಣನ ಮನೆಯಲ್ಲಿ ಬೇರೆ ಪೆಟ್ಟಿಗೆ ಇರಲಿಲ್ಲ, ಅವನು ಅನ್ನ ದುಡಿಯುವ ಹಿತ್ತಾಳೆ ಪೆಟ್ಟಿಗೆಯನ್ನೇ ಮಾಲಾಗಿ ಕೊಟ್ಟು ಒಳಗೆ ಹೋದ.

ಮೂರು ತಿಂಗಳಾದ ಮೇಲೆ ಬಂದ. ನನ್ನನ್ನು ಒಂದು ಮಾತೂ ಅನ್ನಲಿಲ್ಲ, ಅದು ಇನ್ನೂ ಉರಿಯುತ್ತದೆ. ಹೆಂಡತಿ ಚೌಡಮ್ಮ ಅಷ್ಟು ದಿನ ಅವರಿವರ ಮನೆಯ ಪಾತ್ರೆ ತಿಕ್ಕಿ ಮನೆ ನಡೆಸಿದ್ದಳು. ಪೆಟ್ಟಿಗೆ ಕೊಡಿ ಎಂದು ಅವನು ಸ್ಟೇಷನ್ನಿಗೆ ದಿನಾ ಅಲೆದ. ನಾಳೆ ಬಾ, ನಾಡಿದ್ದು ಬಾ. ಒಂದು ಬುಧವಾರ ಮಧ್ಯಾಹ್ನ ನಮ್ಮ ಅಕ್ಕನ ಓಣಿಯಲ್ಲಿ ಹೋಗುವಾಗ, ಹಸಿರು ಬಾಗಿಲ ಹೊರಗೆ ಬಂಗಲೆಯ ಆರ್ಡರ್ಲಿ ಇದ್ದಿಲು ತುಂಬಿದ ಪೆಟ್ಟಿಗೆಯನ್ನು ಬೀಸಿ ಕೆಂಡ ಮಾಡುತ್ತಿದ್ದುದನ್ನು ಕಂಡ. ಹಿಡಿಗೆ ಸುತ್ತಿದ ನೀಲಿ ಬಟ್ಟೆಯಿಂದ ಅದು ತನ್ನದೇ ಎಂದು ಗುರುತಾಯಿತು. ನೇರ ಸ್ಟೇಷನ್ನಿಗೆ ಹೋಗಿ, ದೂರು ಕೊಡಲು ಬಂದ ನಾಲ್ಕು ಜನರ ಎದುರಿಗೇ ಇನ್ಸ್‌ಪೆಕ್ಟರಿಗೆ, “ನನ್ನ ಪೆಟ್ಟಿಗೆ ನಿಮ್ಮ ಮನೇಲಿದೆ ಸ್ವಾಮಿ, ಕೊಟ್ಬಿಡಿ” ಎಂದ. ಅಷ್ಟೇ ಅವನು ಮಾಡಿದ್ದು.

ಆ ನಾಲ್ಕು ಜನರನ್ನು ಹೊರಗೆ ಕಳಿಸಿ ಬಾಗಿಲು ಹಾಕಿದರು. ಮಾರ್ಕೆಟ್ಟಿನಲ್ಲಿ ಸೊಪ್ಪು ಮಾರುವವರಿಗೆಲ್ಲ ಕೇಳಿಸಿತು. ಮೊದಲು ಕೂಗು, ಆಮೇಲೆ ಕೂಗಿಲ್ಲದ ಏಟು. ಯಾರೂ ತಕ್ಕಡಿ ಕೆಳಗಿಡಲಿಲ್ಲ. ನಾನೂ ಅಲ್ಲೇ ಇದ್ದೆ, ಹೀರೆಕಾಯಿ ಆರಿಸುತ್ತಿದ್ದೆ. ಸಂಜೆ ಐದಕ್ಕೆ ಈರಣ್ಣನ ಹೆಣ ಮಾರ್ಕೆಟ್ ಹಿಂದಿನ ಓಣಿಯಲ್ಲಿ, ಅವನದೇ ಗಾಡಿಯ ಪಕ್ಕ ‘ಸಿಕ್ಕಿತು’. ಸ್ಟೇಷನ್ ರೈಟರ್ ಬಂದು ಮಹಜರು ಬರೆದ: ಯಾರೋ ದುಷ್ಕರ್ಮಿಗಳು ಕೊಲೆ ಮಾಡಿದ್ದಾರೆ. ನಮ್ಮೂರಿನಲ್ಲಿ ಕೊಲೆ ಅನ್ನುವುದು ಇಪ್ಪತ್ತು ವರ್ಷಕ್ಕೊಂದು. ಹಿಂದಿನ ಕೊಲೆಯ ಪಾಳಿಗೆ ಹೋದ ಗಾಣದ ಹಾಲಪ್ಪ ಇನ್ನೂ ಬಂದಿಲ್ಲ.

ಮುನ್ನೂರ ಏಳರವರು ಆ ಸೋಮವಾರವಷ್ಟೇ ಒಂದು ಹಾಸಿಗೆ ಕಳ್ಳತನಕ್ಕೆ ಹೆಸರು ಕೊಟ್ಟಿದ್ದರು. ಮುಂದಿನದು ಮುನ್ನೂರ ಎಂಟು. ಅದು ನನ್ನ ಅಕ್ಕ ಸಿದ್ದಮ್ಮನ ಮನೆ.

ಅಕ್ಕನ ಮನೆಯಲ್ಲಿ ಇರುವವರು ಇಬ್ಬರೇ, ಅಕ್ಕ ಮತ್ತು ನಾಗವೇಣಿ. ಅಕ್ಕನಿಗೆ ಸಕ್ಕರೆ ಕಾಯಿಲೆ, ಒಂದು ಕಾಲಿನ ಹೆಬ್ಬೆರಳು ಆಗಲೇ ಹೋಗಿದೆ. ನಾಗವೇಣಿಗೆ ಇಪ್ಪತ್ತೇಳು. ನಡುಮನೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಅರ್ಧ ಊರಿನ ರವಿಕೆಯನ್ನೂ ಇಡೀ ಸ್ಟೇಷನ್ನಿನ ಖಾಕಿಯನ್ನೂ ಹೊಲಿಯುತ್ತಾಳೆ. ಮಾತು ಕತ್ತರಿಯಂತೆ. ಗುರುವಾರ ಬೆಳಿಗ್ಗೆ ನಾನು ಹೋದಾಗ ಅವಳು ಅರ್ಧ ಹೊಲಿದ ಬಟ್ಟೆಗಳನ್ನೆಲ್ಲ ಗಂಟು ಕಟ್ಟಿ ಅವರವರ ಹೆಸರಿನ ಚೀಟಿ ಸಿಕ್ಕಿಸುತ್ತಿದ್ದಳು. ಅಕ್ಕ ಮೂಲೆಯಲ್ಲಿ ಕೂತು, ನಾನು ಹೋಗ್ತೀನಿ, ನಾನು ಬದುಕಿ ಇನ್ನೇನು ಆಗಬೇಕು ಎಂದು ಅದೇ ಮಾತನ್ನು ಹೇಳುತ್ತಿದ್ದಳು. ನಾಗವೇಣಿ ತಲೆ ಎತ್ತದೆ, ಒಳಗೆ ದಿನಾ ಸೂಜಿ ಚುಚ್ಚುವವರು ಯಾರಿದ್ದಾರೆ, ಆರು ತಿಂಗಳಿಗೆ ಸಾಯುತ್ತೀಯ, ಸುಮ್ಮನಿರು ಅಂದಳು. ಜೀವಾವಧಿ ಅಂದರೆ ಎಷ್ಟು ವರ್ಷ ಮಾವ ಎಂದು ನನ್ನನ್ನು ಕೇಳಿದಳು.

ಅಷ್ಟರಲ್ಲಿ ಸ್ಟೇಷನ್ ರೈಟರ್ ಬಂದ, ಕಂಕುಳಲ್ಲಿ ಕಾಗದ, ಕಿವಿಯಲ್ಲಿ ಪೆನ್ನು. ತಪ್ಪೊಪ್ಪಿಗೆ ಮೊದಲೇ ಬರೆದಿಟ್ಟರೆ ಶನಿವಾರ ಗಡಿಬಿಡಿ ಇರುವುದಿಲ್ಲವಂತೆ. ಮಣೆ ಎಳೆದುಕೊಂಡು ಕೂತು, ಕಾಫಿ ಇಸಿದುಕೊಂಡು ಕುಡಿದು, ಕತ್ತು ಹಿಸುಕಿದ್ದು ಅಂತ ಬರೆಯಲೋ ಕಲ್ಲಿನಿಂದ ಹೊಡೆದದ್ದು ಅಂತ ಬರೆಯಲೋ, ನಿನಗೆ ಯಾವುದು ಅನುಕೂಲ ಎಂದು ಕೇಳಿದ. ನಾಗವೇಣಿ, “ನಿಮ್ಮ ಸ್ಟೇಷನ್ನಲ್ಲಿ ಹೆಂಗೆ ಹೊಡೆದ್ರೋ ಹಂಗೇ ಬರೀರಿ” ಅಂದಳು. ರೈಟರ್ ಲೋಟ ಕೆಳಗಿಟ್ಟ. ಆಮೇಲೆ ಕಲ್ಲು ಎಂದು ಬರೆದುಕೊಂಡು ಹೋದ.

ಇಪ್ಪತ್ತಾರು ವರ್ಷ ಎಷ್ಟು ಮನೆಯವರು ನನ್ನ ಕೈಬರಹಕ್ಕೆ ತಲೆ ಬಾಗಿಸಿ ಹೋಗಿದ್ದರೋ, ಒಂದು ದಿನವೂ ನನ್ನ ಊಟ ರುಚಿ ಕೆಟ್ಟಿರಲಿಲ್ಲ. ಬುಡಕ್ಕೆ ನೀರು ಬಂದಾಗ ಬುದ್ಧಿ ಬಂತು. ಊರನ್ನು ಬೈಯುವುದಕ್ಕೆ ಮೊದಲು ನನ್ನನ್ನು ಬೈದುಕೊಳ್ಳುತ್ತೇನೆ, ಬೈಸಿಕೊಳ್ಳಲು ಯೋಗ್ಯನಾದವನೇ ನಾನು. ಗುರುವಾರ ಮಧ್ಯಾಹ್ನ ಇನ್ಸ್‌ಪೆಕ್ಟರ ಬಳಿ ಹೋಗಿ ಕೈಮುಗಿದೆ. ಹೆಣ್ಣುಮಗಳು, ಜೀವಾವಧಿ, ಮನೆಯಲ್ಲಿ ಕಾಲು ಕಳೆದುಕೊಳ್ಳುತ್ತಿರುವ ಮುದುಕಿ, ಎಲ್ಲ ಹೇಳಿದೆ. ಆಪ್ತವಾಗಿ ಕೇಳಿಸಿಕೊಂಡರು. ಮೂಸಂಬಿಯ ಒಂದು ತೊಳೆ ನನಗೂ ಕೊಟ್ಟರು.

“ನೋಡೋ ತಿಪ್ಪಣ್ಣ, ನನ್ನ ಕೈಲಿ ಏನಿದೆ ಹೇಳು? ಬಾಗಿಲ ಮೇಲೆ ಬರೆದಿದ್ದೇ ಶಾಸನ. ಬರೆಯೋನು ನೀನೇ, ಬಂದು ನನ್ನ ಕೇಳ್ತೀಯ.”

ಆ ತೊಳೆಯನ್ನು ಕೈಯಲ್ಲಿ ಹಿಡಿದುಕೊಂಡೇ ಮನೆಗೆ ಬಂದೆ. ಬರೆಯೋನು ನೀನೇ. ಏಳು ವರ್ಷದಲ್ಲಿ ಅವರು ಆಡಿದ ಮಾತುಗಳಲ್ಲಿ ನಿಜವಾದದ್ದು ಅದೊಂದೇ.

ಶುಕ್ರವಾರ ಮಧ್ಯಾಹ್ನ ಎರಡೂವರೆಗೆ ಓಣಿಯಲ್ಲಿ ಒಂದು ನರಪಿಳ್ಳೆ ಇರಲಿಲ್ಲ. ಹಸಿರು ಬಾಗಿಲ ಒಳಗೆ ಆರ್ಡರ್ಲಿ ಗೊರಕೆ ಹೊಡೆಯುತ್ತಿದ್ದ. ಏಣಿ ಹಾಕಿದೆ. ಚೌಕವನ್ನು ದಾರ ಹಿಡಿದು ಅಳೆದು, ಕರಿ ಬಳಿದು, ಅದು ಒಣಗುವವರೆಗೆ ಅಕ್ಕನ ಜಗಲಿಯ ಮೇಲೆ ಕೂತಿದ್ದು, ಆಮೇಲೆ ಬಿಳಿಯಲ್ಲಿ ಮುನ್ನೂರ ಏಳು ಬಾರ್ ಒಂದು ಎಂದು ಬರೆದೆ. ಇಪ್ಪತ್ತಾರು ವರ್ಷದಲ್ಲಿ ಅಷ್ಟು ಅಚ್ಚುಕಟ್ಟಾದ ನಂಬರು ಬರೆದಿರಲಿಲ್ಲ. ನಾಗವೇಣಿ ಕಿಟಕಿಯಿಂದ ನೋಡುತ್ತಿದ್ದಳು. ಇಳಿದಾಗ ಒಂದು ಚೊಂಬು ನೀರು ತಂದು ಕೊಟ್ಟಳು. ಏಳರ ಕೊಂಡಿ ಇನ್ನೊಂಚೂರು ದಪ್ಪ ಇರಬೇಕಿತ್ತು ಮಾವ ಅಂದಳು. ಮತ್ತೆ ಏಣಿ ಹತ್ತಿ ದಪ್ಪ ಮಾಡಿದೆ.

ಶನಿವಾರ ಒಂಬತ್ತಕ್ಕೆ ದಫೇದಾರ್ ಮುನಿವೆಂಕಟಪ್ಪ ಓಣಿಗೆ ಬಂದ. ಹಿಂದೆ ಇಬ್ಬರು ಪೇದೆಗಳು, ಅವರ ಹಿಂದೆ ಕೊಲೆಯ ಪಾಳಿ ನೋಡಲೆಂದು ಇಡೀ ಊರು. ಚೌಡಮ್ಮನೂ ಬಂದಿದ್ದಳು, ಗೋಡೆಗೆ ಒರಗಿ ನಿಂತಿದ್ದಳು. ದಫೇದಾರನ ಪದ್ಧತಿ ಏನೆಂದರೆ, ಮುಗಿದ ಮನೆಯ ಬಾಗಿಲನ್ನು ಲಾಠಿಯ ತುದಿಯಿಂದ ಮುಟ್ಟಿ, ಅಲ್ಲಿಂದ ಮುಂದಿನ ನಂಬರು ಓದಿ, ಎರಡು ಸಲ ಬಡಿಯುವುದು. ಮುನ್ನೂರ ಏಳನ್ನು ಮುಟ್ಟಿದ. ಮುಂದೆ ಬಂದು ಹಸಿರು ಬಾಗಿಲ ಮುಂದೆ ನಿಂತ. ಓದಿದ. ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿ ಹಾಕಿಕೊಂಡು ಮತ್ತೆ ಓದಿದ. ಅದು ಯಾರ ಬಾಗಿಲು ಎಂದು ಅವನಿಗೆ ಗೊತ್ತಿರಲಿಲ್ಲವೇ? ಎಷ್ಟೋ ಸಲ ಬಿಂದಿಗೆ ಹೊತ್ತು ಅದೇ ಬಾಗಿಲಲ್ಲಿ ಒಳಗೆ ಹೋದವನು. ನನ್ನ ಕಡೆ ತಿರುಗಿ ನೋಡಿದ. ಲಾಠಿ ಎತ್ತಿ ಎರಡು ಸಲ ಬಡಿದ.

“ಮುನ್ನೂರ ಏಳು ಬಾರ್ ಒಂದು. ಪಾಳಿ.”

ಆರ್ಡರ್ಲಿ ಬಾಗಿಲು ತೆಗೆದು, ದಫೇದಾರನನ್ನೂ ಅವನ ಹಿಂದಿನ ಊರನ್ನೂ ನೋಡಿ ಒಳಗೆ ಓಡಿದ. ಇನ್ಸ್‌ಪೆಕ್ಟರ್ ಬನಿಯನ್ನಿನಲ್ಲಿ ಬಂದರು, ಒಂದು ಕೆನ್ನೆಯ ಮೇಲೆ ಸೋಪಿನ ನೊರೆ ಹಾಗೇ ಇತ್ತು. ಏನು ಗಲಾಟೆ ಅಂದರು. ದಫೇದಾರ ಲಾಠಿಯಿಂದ ಮೇಲೆ ತೋರಿಸಿದ. ಕತ್ತೆತ್ತಿ ಓದಿದರು, ಕೆನ್ನೆಯ ನೊರೆ ಎದೆಗೆ ಇಳಿಯಿತು. ಯಾವ ಸೂಳೆಮಗ ಇದನ್ನು ಬರೆದದ್ದು ಎಂದರು. ನಾನು ಮುಂದೆ ಬಂದು, ಬೀದಿಗೆ ತೆರೆಯುವ ಬಾಗ್ಲಿಗೆಲ್ಲ ನಂಬರ್ ಹಾಕ್ಬೇಕು ಸ್ವಾಮಿ, ಎರಡು ವರ್ಷ ತಡವಾಯ್ತು, ಕ್ಷಮಿಸ್ಬೇಕು ಅಂದೆ. ನನ್ನ ದನಿ ನನಗೇ ಹೊಸದಾಗಿತ್ತು.

ಅವರು ನನ್ನನ್ನು ಬಿಟ್ಟು ದಫೇದಾರನಿಗೆ, ಅಳಿಸಿ ಮುಂದಿನ ಮನೆಗೆ ಹೋಗು ಎಂದರು. ದಫೇದಾರ ಕದಲಲಿಲ್ಲ. ಆಗ ಅವರು ಆರ್ಡರ್ಲಿಯ ಹೆಗಲ ಮೇಲೆ ಕೈ ಹಾಕಿ, ಮನೆಯಿಂದ ಒಬ್ಬ ಆಳು ತಾನೆ ಬೇಕಾದದ್ದು, ಇವನನ್ನು ಕರೆದುಕೊಂಡು ಹೋಗು ಎಂದರು. ಆರ್ಡರ್ಲಿ ಮೆಲ್ಲಗೆ ಹೆಗಲು ಜಾರಿಸಿಕೊಂಡು, ನಂದು ನಾನೂರ ಹನ್ನೆರಡು ಸ್ವಾಮಿ, ಅಲ್ಲಿಗೆ ಬಂದಾಗ ಹೋಗ್ತೀನಿ ಅಂದ. ಜನರಲ್ಲಿ ಯಾರೋ ನಕ್ಕರು. ಇನ್ಸ್‌ಪೆಕ್ಟರ್ ಮೂರನೇ ಸಲ, ಈಗ ಕಿರುಚಿ, ಮುನ್ನೂರ ಎಂಟಕ್ಕೆ ಹೋಗು ಎಂದರು.

“ನನ್ನ ಮನೆ ಬಾಗ್ಲನ್ನೂ ನಾನೇ ಬಡಿದೆ ಸ್ವಾಮಿ,” ಎಂದ ದಫೇದಾರ. “ಅವತ್ತು ತಾವು ಎದುರಿಗೇ ನಿಂತಿದ್ರಿ. ಬಿಟ್ಬಿಡು ಅನ್ಲಿಲ್ಲ.”

ಇಬ್ಬರು ಪೇದೆಗಳು ಇನ್ಸ್‌ಪೆಕ್ಟರ ಎಡಕ್ಕೊಬ್ಬ ಬಲಕ್ಕೊಬ್ಬ ಬಂದು ನಿಂತರು. ಅವರಲ್ಲೊಬ್ಬನ ತಾಯಿ ಕಳೆದ ವರ್ಷ ಪಾಳಿಯಲ್ಲಿದ್ದಾಗಲೇ ತೀರಿಕೊಂಡಿದ್ದಳು. ಅದು ಎಲ್ಲರಿಗೂ ಗೊತ್ತಿತ್ತು.

ದಫೇದಾರ ಎಂದಿನಂತೆ, ಮಾಲು ಕೊಡಿ ಎಂದು ಒಳಗೆ ಕೂಗಿದ. ಕೊಲೆಗೆ ಕೊಲೆ ಮಾಡಿದ ವಸ್ತು ಕೊಡಬೇಕು. ಬಂಗಲೆಯ ಅಮ್ಮಾವ್ರು ಪಾಪ, ಈ ಊರು ಅವರಿಗೆ ಎಂದೂ ಅರ್ಥವಾಗಿರಲಿಲ್ಲ. ಹೊರಗೆ ಏನಾಗುತ್ತಿದೆ ಎಂದು ನೋಡಲು ಒಳಗೆ ಮಾಡುತ್ತಿದ್ದ ಕೆಲಸವನ್ನು ಹಾಗೇ ಕೈಯಲ್ಲಿ ಹಿಡಿದುಕೊಂಡು ಬಂದರು. ಗಂಡನ ಖಾಕಿ ಅಂಗಿಗೆ ಇಸ್ತ್ರಿ ಹಾಕುತ್ತಿದ್ದರು. ಕೈಯಲ್ಲಿ ಹೊಗೆಯಾಡುವ ಹಿತ್ತಾಳೆ ಪೆಟ್ಟಿಗೆ, ಹಿಡಿಗೆ ಸುತ್ತಿದ ನೀಲಿ ಬಟ್ಟೆ.

ಚೌಡಮ್ಮ ಗೋಡೆ ಬಿಟ್ಟು ಮುಂದೆ ಬಂದಳು. “ಆ ಬಟ್ಟೆ ನಾನು ಸುತ್ತಿದ್ದು. ನಮ್ಮನೆಯವ್ರು ಕೈ ಸುಡ್ತದೆ ಅಂದಿದ್ರು ಅಂತ.”

ಅಮ್ಮಾವ್ರು ಗಂಡನ ಮುಖ ನೋಡಿದರು. ಇನ್ಸ್‌ಪೆಕ್ಟರ್ ಹೆಗಲ ಮೇಲಿನ ಟವಲಿನಿಂದ ಮುಖ ಒರೆಸಿಕೊಂಡರು. ದಫೇದಾರ ಪೆಟ್ಟಿಗೆಯನ್ನು ಹುಷಾರಾಗಿ ಇಸಿದುಕೊಂಡು, ಮಾಲು ಸಿಕ್ಕಿತು ಎಂದ. ನಾನು ಕಂಡಂತೆ ನಮ್ಮೂರಿನಲ್ಲಿ ನಿಜವಾದ ಮಾಲು ಸಿಕ್ಕಿದ್ದು ಅದೇ ಮೊದಲು.

ನಮ್ಮ ಮ್ಯಾಜಿಸ್ಟ್ರೇಟರು ಪೀಠದಲ್ಲಿ ಕೂತರೆ ಕಾಗದದಿಂದ ತಲೆ ಎತ್ತುವವರಲ್ಲ. ಯಾರ ಮುಖವನ್ನೂ ನೋಡದೆ ತೀರ್ಪು ಕೊಡುವುದೇ ನಿಷ್ಪಕ್ಷಪಾತ ಎಂದು ಅವರು ತಿಳಿದಿದ್ದಾರೆ. ಅವತ್ತು ರೈಟರ್ ಓದಿದ ತಪ್ಪೊಪ್ಪಿಗೆಯಲ್ಲಿ ನಾಗವೇಣಿಯ ಹೆಸರು ಹೊಡೆದು ಜಯಸಿಂಹ ಎಂದು ಮಾಡಿದ್ದ, ಆದರೆ ಆತುರದಲ್ಲಿ ‘ರವಿಕೆ ಹೊಲಿದು ಜೀವನ ಮಾಡುವ’ ಅನ್ನುವುದನ್ನು ಹೊಡೆಯಲು ಮರೆತಿದ್ದ. ಮ್ಯಾಜಿಸ್ಟ್ರೇಟರು ಅದನ್ನೂ ಕೇಳಿಸಿಕೊಂಡು ತಲೆದೂಗಿದರು. ಆರೋಪಿ ಏನಾದರೂ ಹೇಳುವುದಿದೆಯೇ ಎಂದರು. ಇನ್ಸ್‌ಪೆಕ್ಟರ್ ಕಟಕಟೆ ಹಿಡಿದುಕೊಂಡು, “ಸ್ವಾಮಿ, ಇದು ಬರೀ ಪಾಳಿ. ನಾನು ಮಾಡಿದ್ದಲ್ಲ” ಅಂದರು.

“ಎಲ್ಲರೂ ಹಾಗೇ ಹೇಳ್ತಾರೆ,” ಎಂದರು ಮ್ಯಾಜಿಸ್ಟ್ರೇಟರು, ಮತ್ತು ಜೀವಾವಧಿ ಎಂದು ಬರೆದರು.

ನಾನು ನಗಬೇಕೆಂದುಕೊಂಡಿದ್ದೆ, ನಗು ಬರಲಿಲ್ಲ. ಆ ಕಟಕಟೆಯಲ್ಲಿ ನಿಂತ ಎಷ್ಟೋ ನೂರು ಜನ ಅದೇ ಮಾತನ್ನು ನಿಜವಾಗಿ ಹೇಳಿದ್ದರು. ಆಗಲೂ ಇದೇ ಉತ್ತರ ಸಿಕ್ಕಿತ್ತು. ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರೆ. ನಮ್ಮೂರಿನಲ್ಲಿ ಮಾಡಿದವನು ಉಣ್ಣಬೇಕಾದರೆ ಅವನ ಬಾಗಿಲಿಗೆ ಒಬ್ಬ ಪೇಂಟರು ಏಣಿ ಹಾಕಬೇಕು.

ಚೌಡಮ್ಮ ಪೆಟ್ಟಿಗೆ ಕೇಳಿದಳು. ಕೋರ್ಟಿನ ಗುಮಾಸ್ತ, ಅದು ಕೇಸಿನ ಮಾಲು, ಮೇಲಿನ ಕೋರ್ಟು ಹೇಳುವ ತನಕ ಕೊಡಲಾಗುವುದಿಲ್ಲ, ಏಳೆಂಟು ವರ್ಷ ಬಿಟ್ಟು ಬಂದು ವಿಚಾರಿಸು ಎಂದ. ಅವಳು ಆಯಿತು ಎಂದಳು. ಗುಮಾಸ್ತ ಊಟಕ್ಕೆ ಎದ್ದ. ಬಾಗಿಲಲ್ಲಿ ಕಾವಲಿದ್ದ ದಫೇದಾರ ಆ ಹೊತ್ತಿಗೇ ಸರಿಯಾಗಿ ಹೊರಗೆ ಬಂದು, ಮರದ ಮೇಲಿನ ಗಿಳಿಗಳನ್ನು ಬಹಳ ಹೊತ್ತು ನೋಡಿದ. ಚೌಡಮ್ಮ ಸೆರಗು ಹೊದ್ದು ನಮ್ಮೆಲ್ಲರ ಮುಂದೆ ನಡೆದುಹೋದಳು. ಸೆರಗಿನ ಒಳಗಿಂದ ಸಣ್ಣಗೆ ಹೊಗೆ ಬರುತ್ತಿತ್ತು.

ಹೊಸ ಇನ್ಸ್‌ಪೆಕ್ಟರ್ ಸೋಮವಾರವೇ ಬಂದರು. ಬಂದವರು ಮೊದಲು ಮಾಡಿಸಿದ ಕೆಲಸ, ಆ ಹಸಿರು ಬಾಗಿಲು ಕೀಳಿಸಿ ಇಟ್ಟಿಗೆ ಕಟ್ಟಿಸಿದ್ದು. ಎರಡನೆಯದು, ಕೋರ್ಟಿನಿಂದ ಇಸ್ತ್ರಿ ಪೆಟ್ಟಿಗೆ ಕಳುವಾಗಿದೆ ಎಂದು ಕೇಸು ದಾಖಲಿಸಿದ್ದು. ಹದಿನೈದು ದಿನದ ಕೇಸು. ಪಾಳಿ ಮುನ್ನೂರ ಎಂಟು.

ಶನಿವಾರ ಬೆಳಿಗ್ಗೆ ನಾನು ಹೋದಾಗ ನಾಗವೇಣಿ ತಲೆ ಬಾಚಿಕೊಳ್ಳುತ್ತಿದ್ದಳು. ಅಟ್ಟದಿಂದ ತೂತು ಬಿಂದಿಗೆ ಇಳಿಸಿ ಬಾಗಿಲಲ್ಲಿ ಇಟ್ಟಿದ್ದಳು. ಇಸ್ತ್ರಿ ಪೆಟ್ಟಿಗೆಗೆ ಬಿಂದಿಗೆ ಕೊಟ್ಟರೆ ರೈಟರ್ ಒಪ್ಪುತ್ತಾನೆಯೇ ಎಂದೆ. ಇವಳು ಆಗಲೇ ಕೇಳಿ ಬಂದಿದ್ದಳು. ಬಿಂದಿಗೆಯನ್ನೇ ಪೆಟ್ಟಿಗೆ ಅಂತ ಬರೆದುಕೊಳ್ಳುತ್ತಾನಂತೆ, ಬರೆಯುವುದಕ್ಕೇನು. ಅಕ್ಕ ಕೋಡುಬಳೆ ಕರಿಯುತ್ತಿದ್ದಳು, ಹದಿನೈದು ದಿನ ತಾನೆ ಎಂದು ಹೇಳುತ್ತ ಕಣ್ಣೊರೆಸಿಕೊಳ್ಳುತ್ತಿದ್ದಳು.

ಆಗ ಚೌಡಮ್ಮ ಬಂದಳು. ಕಂಕುಳಲ್ಲಿ ನಾಗವೇಣಿಯ ಹಳದಿ ಸೀರೆ, ಮಡಿಕೆಯ ಗೆರೆಯೂ ಕಾಣದಂತೆ ಇಸ್ತ್ರಿಯಾಗಿದೆ, ಇನ್ನೂ ಬಿಸಿ. ಕದ್ದವಳು ನಾನು, ನನ್ನನ್ನು ಕಳಿಸಿ, ನೀನ್ಯಾಕೆ ಹೋಗಬೇಕು ತಾಯಿ ಎಂದು ಹೊಸಿಲಲ್ಲಿ ಕೂತುಬಿಟ್ಟಳು. ನಾಗವೇಣಿ ಸೀರೆಯನ್ನು ಎರಡು ಕೈಯಲ್ಲಿ ಇಸಿದುಕೊಂಡಳು.

“ಬೇಡ ಚೌಡಮ್ಮ. ಮಾಡಿದೋರೇ ಹೋಗೋ ಹಾಗಾದ್ರೆ ಈ ಊರಿಗೆ ಅಭ್ಯಾಸ ತಪ್ಪುತ್ತೆ. ನೀನು ಹೋಗಿ ಗಾಡಿ ಹಚ್ಚು.”

ಒಳಗೆ ಹೋಗಿ ಆ ಸೀರೆ ಉಟ್ಟು ಬಂದಳು. ಹೊರಗೆ ದಫೇದಾರನ ಲಾಠಿ ಮುನ್ನೂರ ಏಳನ್ನು ಮುಟ್ಟಿದ್ದು ಕೇಳಿಸಿತು. ಅವನು ಹಸಿ ಇಟ್ಟಿಗೆಯ ಗೋಡೆ ದಾಟಿ ನಮ್ಮ ಬಾಗಿಲಿಗೆ ಬಂದ. ಹೊಸಿಲಲ್ಲಿ ಕೂತ ಚೌಡಮ್ಮನನ್ನು, ಅವಳ ಬೆರಳಿನ ಹೊಸ ಇದ್ದಿಲ ಮಸಿಯನ್ನು, ನಾಗವೇಣಿಯ ಸೀರೆಯನ್ನು ಒಂದೊಂದಾಗಿ ನೋಡಿದ. ಆಮೇಲೆ ಕನ್ನಡಕ ಮೂಗಿಗೇರಿಸಿಕೊಂಡು, ಬಾಗಿಲು ತೆರೆದೇ ಇದ್ದರೂ, ಮೇಲಿನ ನಂಬರು ಓದಿ, ಚೌಕಟ್ಟಿಗೆ ಎರಡು ಸಲ ಬಡಿದ.